ಮನೆಮಂದಿ ಕೂತ ಕಾರಿನಲ್ಲಿ ಗಾಳದ ಕೋಲಿಗೆ ಜಾಗ

ನನ್ನ ಮೊದಲ ಒಳ್ಳೆಯ ರಾಡ್ ಮುರಿದದ್ದು ದೊಡ್ಡ ಮೀನು ಎಳೆದು ಅಲ್ಲ, ಕಾರಿನ ಗಾಜಿಗೆ ಸಿಕ್ಕಿ. ಕುಂಬಳೆ ಪೇಟೆ ದಾಟುವಾಗ ಮಳೆ ಬಂತು. ಹಿಂದೆ ಕೂತಿದ್ದ ಮಗಳು ಗಾಜು ಏರಿಸಿದಳು. ರಾಡಿನ ತುದಿ ಅರ್ಧ ಗೇಣಿನಷ್ಟು ಹೊರಗಿತ್ತು. ಟಿಕ್ ಅಂತ ಒಂದು ಸಣ್ಣ ಸದ್ದು. ಅಷ್ಟೆ. ಮಗಳು ಅತ್ತಳು. ತಪ್ಪು ಅವಳದ್ದಲ್ಲ, ತುದಿಯನ್ನು ಹೊರಗೆ ಬಿಟ್ಟವನು ನಾನು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹೆಂಡತಿಯ ತವರು ಮಂಜೇಶ್ವರ. ತಿಂಗಳಿಗೆ ಎರಡು ಭಾನುವಾರವಾದರೂ ಸೀತಾಂಗೋಳಿ ದಾರಿಯಾಗಿ ಕುಂಬಳೆಗೆ ಇಳಿದು, ಅಲ್ಲಿಂದ ಹೆದ್ದಾರಿ 66 ಹಿಡಿದು ಬಡಗು ದಿಕ್ಕಿಗೆ ಹೋಗುತ್ತೇವೆ. ದಾರಿಯುದ್ದಕ್ಕೂ ಹೊಳೆಗಳೇ. ಕುಂಬಳೆ ಹೊಳೆ, ಶಿರಿಯ ಹೊಳೆ, ಉಪ್ಪಳ ಹೊಳೆ. ಅಳಿವೆಯಲ್ಲಿ ನೀರು ಏರುವ ಹೊತ್ತಿಗೆ ಸರಿಯಾಗಿ ಅಲ್ಲಿದ್ದರೆ ಒಂದೆರಡು ಗಂಟೆ ಗಾಳ ಹಾಕಬಹುದು. ಕಾಣೆ ಮೀನು ಸಿಗುತ್ತದೆ, ಅದೃಷ್ಟ ಇದ್ದರೆ ಕಾಳಾಂಜಿ. ಆದ್ರೆ ಕಾರಿನಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ತವರಿಗೆ ಒಯ್ಯುವ ಬಾಳೆಗೊನೆ. ನಮ್ಮದು ಹಳೆಯ ವ್ಯಾಗನ್ ಆರ್. ಕೋಲಿಗೆ ಎಲ್ಲಿದೆ ಜಾಗ?

ನೆಲದಲ್ಲಿ ಇಟ್ಟು ನೋಡಿದೆ. ಅದು ಆಗುವ ಮಾತಲ್ಲ. ಕಾರ್ಬನ್ ರಾಡ್ ಬಾಗುವುದಕ್ಕೆ ಗಟ್ಟಿ, ಜಜ್ಜುವುದಕ್ಕೆ ಬಹಳ ಮೆದು. ಅದರ ಒಳಗೆ ಪೊಳ್ಳು, ಗೋಡೆ ತೆಳ್ಳಗೆ. ಒಬ್ಬರ ಚಪ್ಪಲಿ ಹಿಮ್ಮಡಿ ತಾಗಿದರೂ ಸಾಕು. ಆಗ ಏನೂ ಕಾಣುವುದಿಲ್ಲ. ಮುಂದಿನ ಸಲ ಮೀನು ಜಗ್ಗಿದಾಗ ಅದೇ ಜಾಗದಲ್ಲಿ ಮುರಿಯುತ್ತದೆ. ಮೀನು ಮುರಿಯಿತು ಅಂತ ನಾವು ಹೇಳುತ್ತೇವೆ, ಅಲ್ವಾ? ಗಾಯ ಆದದ್ದು ಮಾತ್ರ ಕಾರಿನಲ್ಲಿ.

ಕೊನೆಗೆ ಕಣ್ಣು ಹೋದದ್ದು ಮೇಲಕ್ಕೆ. ಆ ಕಾರಿನ ಒಳಗೆ ಎತ್ತರ ಜಾಸ್ತಿ. ಹಿಂದಿನ ಎರಡು ಬಾಗಿಲುಗಳ ಮೇಲೆ ಕೈ ಹಿಡಿಯಲು ಹಿಡಿಕೆ ಇವೆ. ಎಡದ ಹಿಡಿಕೆಯಿಂದ ಬಲದ ಹಿಡಿಕೆಗೆ ಬ್ಯಾಗಿನ ಅಗಲ ಪಟ್ಟಿಯನ್ನು ಬಿಗಿಯಾಗಿ ಕಟ್ಟಿದೆ. ಹಗ್ಗ ಬೇಡ, ಅದು ನಡುವಿನಲ್ಲಿ ಜೋತು ಬೀಳುತ್ತದೆ. ರಾಡನ್ನು ಜೋಡಣೆಯಲ್ಲಿ ಬಿಚ್ಚಿ ಎರಡು ತುಂಡು ಮಾಡಿದರೆ ಏಳು ಅಡಿಯದ್ದು ಮೂರೂವರೆ ಅಡಿಗೆ ಬರುತ್ತದೆ. ತುಂಡಿನ ಮುಂಭಾಗ ಪಟ್ಟಿಯ ಮೇಲೆ, ಹಿಂಭಾಗ ಹಿಂದಿನ ಸೀಟಿನ ಹೆಡ್‌ರೆಸ್ಟ್ ಮೇಲೆ. ಅಲ್ಲಿ ಸೈಕಲ್ ಟ್ಯೂಬಿನ ತುಂಡಿನಿಂದ ಒಂದು ಸುತ್ತು ಬಿಗಿದುಬಿಡುತ್ತೇನೆ. ಬ್ರೇಕ್ ಹೊಡೆದಾಗ ಕೋಲು ಮುಂದಕ್ಕೆ ಜಾರದಿರಲು ಆ ಸುತ್ತು ಬೇಕೇ ಬೇಕು.

ತುದಿ ಮುಂದಕ್ಕೋ ಹಿಂದಕ್ಕೋ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ತುದಿ ಹಿಂದೆ ಇದ್ದರೆ ಡಿಕ್ಕಿ ಬಾಗಿಲು ಒಂದಲ್ಲ ಒಂದು ದಿನ ಅದನ್ನು ತಿನ್ನುತ್ತದೆ. ಹಾಗಾಗಿ ಹಿಡಿ ಹಿಂದೆ, ತುದಿ ಮುಂದೆ. ಆದರೆ ಡ್ರೈವರನ ಕನ್ನಡಿಯವರೆಗೆ ಬರಬಾರದು.

ಒಂದು ಎಚ್ಚರಿಕೆ. ಹೊಸ ಕಾರುಗಳಲ್ಲಿ ಬಾಗಿಲಿನ ಮೇಲ್ಗಡೆ ಕರ್ಟನ್ ಏರ್‌ಬ್ಯಾಗ್ ಇರುತ್ತದೆ. ಅಂಥ ಕಾರಿನಲ್ಲಿ ಹಿಡಿಕೆಗೆ ಏನನ್ನೂ ಕಟ್ಟಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಅದು ಅಡ್ಡ. ನಮ್ಮ ಹಳೆಯ ಕಾರಿನಲ್ಲಿ ಅದು ಇಲ್ಲ.

ತುದಿಯ ರಕ್ಷಣೆಗೆ ನಾನು ಬಳಸುವುದು ಅಡಿಕೆ ಹಾಳೆ. ಅಂಗಳದಲ್ಲಿ ಬಿದ್ದದ್ದನ್ನು ಒಂದು ರಾತ್ರಿ ನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಮಡಚುತ್ತದೆ. ಎರಡೂ ತುಂಡುಗಳನ್ನು ಪಕ್ಕ ಪಕ್ಕ ಇಟ್ಟು, ತುದಿಯ ಒಂದು ಮೊಳ ಹಾಳೆಯಲ್ಲಿ ಸುತ್ತಿ ನೂಲು ಕಟ್ಟುತ್ತೇನೆ. ರಾಡನ್ನು ಹೊರಗೆ ತೆಗೆದು ಹಾಳೆಯನ್ನು ಹಾಗೆಯೇ ಒಣಗಲು ಬಿಟ್ಟರೆ ಗಟ್ಟಿ ಕೊಳವೆಯಾಗುತ್ತದೆ. ಎರಡು ಮಳೆಗಾಲ ಬಾಳಿಕೆ ಬಂದದ್ದೂ ಇದೆ. ಇದಕ್ಕಿಂತ ಒಳ್ಳೆಯ ಚೀಲ ನಾನು ಅಂಗಡಿಯಲ್ಲಿ ಕಂಡಿಲ್ಲ.

ಗಾಳದ ಮುಳ್ಳು ರಾಡಿಗೆ ಕಟ್ಟಿಕೊಂಡು ಕಾರು ಹತ್ತಬಾರದು. ಮಕ್ಕಳ ತಲೆ ಅದರ ಕೆಳಗೇ ಇರುತ್ತದೆ. ಮುಳ್ಳು, ಸೀಸ ಎಲ್ಲಾ ಡಬ್ಬಿಗೆ. ರೀಲು ಬಿಚ್ಚಿ ಬಟ್ಟೆಯ ಚೀಲಕ್ಕೆ. ಸಿಗಡಿ ಎರೆ ಮಾತ್ರ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಡಿಕ್ಕಿಯ ಮೂಲೆಗೆ. ಅದರ ನೀರು ಒಮ್ಮೆ ಚೆಲ್ಲಿದರೆ ವಾಸನೆ ತಿಂಗಳು ಬಿಡುವುದಿಲ್ಲ.

ಸಮುದ್ರದ ಬದಿಯಲ್ಲಿ ಎಸೆಯುವ ಹನ್ನೆರಡು ಅಡಿಯ ಸರ್ಫ್ ರಾಡ್ ಬೇರೆಯೇ ಕಥೆ. ಎರಡು ತುಂಡಾದರೂ ಒಂದೊಂದು ಆರು ಅಡಿ ದಾಟುತ್ತದೆ. ಅದಕ್ಕೆ 110 ಮಿ.ಮೀ. ಪಿವಿಸಿ ಪೈಪನ್ನು ಆರೂವರೆ ಅಡಿಗೆ ಕತ್ತರಿಸಿದೆ. ಮೊದಲು 75 ಮಿ.ಮೀ. ತಂದಿದ್ದೆ, ಆದರೆ ಹಿಡಿಯ ಹತ್ತಿರದ, ದಾರ ಹಾಯುವ ದೊಡ್ಡ ರಿಂಗ್ ಅಗಲ ಇರುವುದರಿಂದ ಎರಡು ರಾಡ್ ಒಟ್ಟಿಗೆ ಹೋಗಲಿಲ್ಲ. ಒಂದು ಬದಿ ಗಮ್ ಹಾಕಿದ ಮುಚ್ಚಳ, ಇನ್ನೊಂದು ಬದಿ ತಿರುಪಿನ ಮುಚ್ಚಳ. ಗಮ್ ಹಾಕಿದ್ದು ಮುಂದಕ್ಕೆ. ಬ್ರೇಕಿಗೆ ರಾಡುಗಳು ಅದಕ್ಕೇ ಒತ್ತುತ್ತವೆ, ಅದು ಬಿಚ್ಚಿ ಹೋಗುವುದಿಲ್ಲ. ಒಳಗೆ ಎರಡೂ ತುದಿಗೆ ಸ್ಪಂಜು. ಕೆಳಮುಖವಾಗಿ ಎರಡು ಸಣ್ಣ ತೂತು, ನೀರು ಇಳಿಯಲು. ಮೇಲಿನ ಕ್ಯಾರಿಯರಿಗೆ ಬೆಲ್ಟ್ ಎರಡು ಕಡೆ, ಹತ್ತು ಕಿಲೋಮೀಟರು ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಲೇಬೇಕು. ಪೈಪು ಕಾರಿನ ಮುಂದಕ್ಕಾಗಲಿ ಹಿಂದಕ್ಕಾಗಲಿ ಚಾಚಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಿತಿ ಮೀರಿ ಹೊರಚಾಚಿದ ಸಾಮಾನಿಗೆ 20,000 ರೂಪಾಯಿ ದಂಡ ಇದೆ. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಅದೇ ಕಾನೂನು.

ಕಾರು ನಿಲ್ಲಿಸಿ ರಾಡ್ ಜೋಡಿಸುವ ಮೊದಲು ಮೇಲೆ ನೋಡಿ. ನಮ್ಮ ಹೊಳೆಬದಿಯ ದಾರಿಗಳಲ್ಲಿ ಕರೆಂಟಿನ ತಂತಿ ಕೆಳಗೇ ಹೋಗಿರುತ್ತದೆ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿದ್ದೇನೆ.

ಆ ಮುರಿದ ರಾಡ್ ಇನ್ನೂ ಇದೆ. ಮುರಿದ ಜಾಗವನ್ನು ಉಜ್ಜಿ ಸಮ ಮಾಡಿ, ಹೊಸ ತುದಿ ರಿಂಗ್ ಕೂರಿಸಿದೆ. ಮೊದಲು ಗ್ಲೂ ಗನ್ನಿನ ಗಮ್ ಹಾಕಿದ್ದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ರಿಂಗ್ ತಿರುಗಿತು. ಈಗ ಅರಾಲ್ಡೈಟ್. ಅರ್ಧ ಗೇಣು ಗಿಡ್ಡ, ಸ್ವಲ್ಪ ಬಿರುಸು. ಅದೀಗ ಮಗಳ ರಾಡ್. ಮನೆಗೆ ಬಂದು ಬಾವಿ ನೀರಲ್ಲಿ ಉಪ್ಪು ತೊಳೆದು, ಒರೆಸಿ, ಹಾಳೆ ಸುತ್ತುವುದು ಅವಳದ್ದೇ ಕೆಲಸ. ಕಾರು ಹೊರಡುವ ಮೊದಲು ಹಿಂದೆ ತಿರುಗಿ ತುದಿ ಎಲ್ಲಿದೆ ಅಂತ ನೋಡುವುದೂ ಅವಳೇ.