ಸಂಶೋಧನೆಗೆ ಸರ್ಕಾರಿ ಹಸು ಖರೀದಿ: ಕ್ವಾರಂಟೈನ್ ಕೊಟ್ಟಿಗೆಯಲ್ಲೇ ನಿಜವಾದ ಪರೀಕ್ಷೆ

ಕಡತದಲ್ಲಿ ಒಂದು ಸಹಿಯೂ ತಪ್ಪಿರುವುದಿಲ್ಲ, ಬಂದ ಹಸುಗಳು ಮಾತ್ರ ರೋಗ ಹೊತ್ತು ಬಂದಿರುತ್ತವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹೊಸದಾಗಿ ಹಸು ತರಿಸುವ ಕೇಂದ್ರಗಳವರು ಟೆಂಡರಿಗಿಂತ ಹೆಚ್ಚಿನ ಗಮನವನ್ನು ಕ್ವಾರಂಟೈನಿಗೆ ಕೊಡಬೇಕು.

ಮೊದಲು ಅನುಮತಿ. ಹಸುವಿನಂಥ ದೊಡ್ಡ ಪ್ರಾಣಿಗೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಸಾಲದು, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಮಿತಿಯದೂ ಬೇಕು. ಆಮೇಲೆ ರಾಜ್ಯದ ಸರ್ಕಾರಿ ಖರೀದಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್.

ಟೆಂಡರಿನಲ್ಲಿ ‘ಆರೋಗ್ಯವಂತ ಹಸು’ ಎಂದಷ್ಟೇ ಬರೆದರೆ ಯಾವ ಹಸುವನ್ನೂ ತಿರಸ್ಕರಿಸಲು ಆಗುವುದಿಲ್ಲ. ತಳಿ, ಹಲ್ಲು, ಸೂಲು, 12 ಅಂಕಿಯ ಗುರುತಿನ ಕಿವಿಯೋಲೆ, ಕಾಲುಬಾಯಿ ಜ್ವರದ ಲಸಿಕೆ ಹಾಕಿದ ದಿನಾಂಕ ಬರೆಯಿರಿ. ಕ್ಷಯ, ಜೋನ್ಸ್ (ದೀರ್ಘಕಾಲ ಭೇದಿ ತರುವ ಕರುಳಿನ ರೋಗ), ಕಂದುರೋಗ (ಗಬ್ಬ ಕಳೆಯುವ ಬ್ರುಸೆಲ್ಲಾ ಸೋಂಕು), ಐಬಿಆರ್ (ಉಸಿರಾಟದ ಒಂದು ವೈರಸ್ ರೋಗ) ಪರೀಕ್ಷೆಗಳನ್ನು ಹೆಸರಿಸಿ. ಕ್ವಾರಂಟೈನ್ ಮುಗಿದ ಮೇಲಷ್ಟೇ ಹಣ ಎಂಬ ಷರತ್ತು ಇರಲೇಬೇಕು. ಸಂತೆಯ ದನ ಬೇಡ. ಅಲ್ಲಿ ಹತ್ತೂರಿನ ದನ ಒಂದೇ ತೊಟ್ಟಿಯಲ್ಲಿ ನೀರು ಕುಡಿದಿರುತ್ತವೆ. ತುಂಬು ಗಬ್ಬದ ಹಸುವೂ ಬೇಡ. ಕರು ಹಾಕುವ ಆಸುಪಾಸಿನಲ್ಲಿ ಕ್ಷಯ, ಕಂದುರೋಗದ ಪರೀಕ್ಷೆಗಳು ಸೋಂಕನ್ನು ಬಿಟ್ಟುಬಿಡಬಹುದು.

ಸಾಗಣೆಗೆ ಲಾರಿಗೆ ಆರೇ ದನ, ಜತೆಗೆ ಪಶುವೈದ್ಯರ ಪ್ರಮಾಣಪತ್ರ. ಏಪ್ರಿಲ್, ಮೇ ತಿಂಗಳಲ್ಲಿ ನೆತ್ತಿ ಬಿಸಿಲಿನ ಹೊತ್ತು ತಪ್ಪಿಸಿ.

ಹೆಚ್ಚು ಎಡವಟ್ಟಾಗುವುದು ಕ್ಷಯ ಪರೀಕ್ಷೆಯಲ್ಲಿ. ಕುತ್ತಿಗೆಯ ಒಂದೇ ಪಕ್ಕದಲ್ಲಿ, 12ರಿಂದ 15 ಸೆಂ.ಮೀ. ಅಂತರದಲ್ಲಿ ಎರಡು ಕಡೆ ಕೂದಲು ಬೋಳಿಸಿ, ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದು ಬರೆದಿಡಿ. ಮೇಲಿನ ಜಾಗಕ್ಕೆ ಹಕ್ಕಿ ಟ್ಯುಬರ್ಕುಲಿನ್ (ಹಕ್ಕಿ ಕ್ಷಯದ ಸೂಕ್ಷ್ಮಾಣುವಿನಿಂದ ಮಾಡಿದ ಪರೀಕ್ಷಾ ಮದ್ದು), ಕೆಳಗಿನದಕ್ಕೆ ದನದ ಕ್ಷಯದ ಟ್ಯುಬರ್ಕುಲಿನ್, ತಲಾ 0.1 ಮಿ.ಲೀ. ಸೂಜಿ ಚರ್ಮದ ಒಳಪದರದಲ್ಲೇ ನಿಲ್ಲಬೇಕು. ಬೆರಳಿಗೆ ಬಟಾಣಿಯಷ್ಟು ಗಂಟು ಸಿಗದಿದ್ದರೆ ಮದ್ದು ಚರ್ಮದಡಿಗೆ ಹೋಗಿದೆ, ಆ ಫಲಿತಾಂಶ ನಂಬುವಂತಿಲ್ಲ. 72 ಗಂಟೆ ಕಳೆದ ಮೇಲೆ ಮೊದಲು ಅಳೆದವರೇ ಮತ್ತೆ ಅಳೆಯಲಿ. ದನದ ಮದ್ದಿನ ಊತ ಹಕ್ಕಿಯದಕ್ಕಿಂತ 4 ಮಿ.ಮೀ. ಮೀರಿ ಹೆಚ್ಚಿದ್ದರೆ ಹಸು ವಾಪಸ್. ಹಕ್ಕಿ ಮದ್ದು ಬಿಟ್ಟು ಒಂದೇ ಚುಚ್ಚುವ ಅಡ್ಡದಾರಿ ಹಿಡಿದರೆ, ಮಣ್ಣು ನೀರಿನ ಬೇರೆ ಸೂಕ್ಷ್ಮಾಣುಗಳಿಂದಾದ ಊತವನ್ನೂ ಕ್ಷಯವೆಂದೇ ಎಣಿಸಬೇಕಾದೀತು. ಅನುಮಾನ ಉಳಿದರೆ 42 ದಿನಗಳೊಳಗೆ ಮತ್ತೆ ಚುಚ್ಚಬೇಡಿ, ಚರ್ಮ ಸರಿಯಾಗಿ ಪ್ರತಿಕ್ರಿಯಿಸುವುದಿಲ್ಲ. ಮಾರುವವರು ಮೊದಲೇ ಚುಚ್ಚಿಸಿದ್ದರೆ ಅದರ ದಿನಾಂಕ ಕೇಳಿ ಪಡೆಯಿರಿ.

ಕಂದುರೋಗಕ್ಕೆ ರೋಸ್ ಬೆಂಗಾಲ್ ಪರೀಕ್ಷೆ ಬರೀ ಜರಡಿ. ಪಾಸಿಟಿವ್ ಬಂದರೆ ಎಲೈಸಾ ಎಂಬ ರಕ್ತಪರೀಕ್ಷೆಯಿಂದ ಖಚಿತಪಡಿಸಿ. 4ರಿಂದ 8 ತಿಂಗಳ ವಯಸ್ಸಿನಲ್ಲಿ ಈ ರೋಗದ ಎಸ್-19 ಲಸಿಕೆ ಪಡೆದ ಕಡಸು ಸೋಂಕಿಲ್ಲದೆಯೂ ಪಾಸಿಟಿವ್ ತೋರಿಸಬಹುದು.

ಕ್ವಾರಂಟೈನ್ ಕನಿಷ್ಠ 30 ದಿನ. ಈ ಲೆಕ್ಕವನ್ನು ಕೊನೆಯ ಹಸು ಒಳಗೆ ಬಂದ ದಿನದಿಂದ ಹಿಡಿಯಬೇಕು. ತಿರಸ್ಕೃತ ಹಸುವಿನ ಬದಲು ಗುತ್ತಿಗೆದಾರ 20ನೇ ದಿನ ಇನ್ನೊಂದನ್ನು ತಂದು ಅದೇ ಕೊಟ್ಟಿಗೆಗೆ ಕಟ್ಟಿದರೆ ಎಲ್ಲಕ್ಕೂ ಮತ್ತೆ ಒಂದನೇ ದಿನ. ಬದಲಿ ಹಸುವಿಗೆ ಬೇರೆಯೇ ಕೊಟ್ಟಿಗೆ, ಬೇರೆ ಬಕೆಟ್, ಬೇರೆ ಆಳು. ಆಳು ಸಿಗದಿದ್ದರೆ ಇದ್ದವರೇ ಹಳೆ ದನಗಳ ಕೆಲಸ ಮುಗಿಸಿ ಕೊನೆಗೆ ಇಲ್ಲಿಗೆ ಬರಲಿ. ಮೊದಲ ವಾರವೇ ಗಾಜಿನ ಮೇಲೆ ಸವರಿದ ರಕ್ತಲೇಪನ ನೋಡಿ, ಉಣ್ಣೆ ಹುಳು ಕಚ್ಚಿ ಹರಡುವ ಥೈಲೇರಿಯಾ ಪರಾವಲಂಬಿಯನ್ನು ಹುಡುಕಿ, ಉಣ್ಣೆಗೆ ಔಷಧ ಹಾಕಿ. ಸಿಂಧನೂರು, ಗಂಗಾವತಿ ಕಡೆಯ ಬತ್ತದ ಹುಲ್ಲಿಗೆ ಒಮ್ಮೆಲೇ ಬದಲಿಸದೆ ವಾರದಲ್ಲಿ ರೂಢಿಸಿ.

ಬಾಗಿಲ ಕಾಲ್ತೊಟ್ಟಿಗೆ ಅಗ್ಗದ ಬಿಳಿ ಫಿನೈಲ್ ಸುರಿದು ನೆಮ್ಮದಿಯಾಗಿ ಇರಬೇಡಿ. ಕಾಲುಬಾಯಿ ವೈರಸ್ಸಿಗೆ ಅದು ನಾಟುವುದಿಲ್ಲ. 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. ಸಗಣಿ ಮೆತ್ತಿದ ಬೂಟನ್ನು ಮೊದಲು ಬ್ರಷ್‌ನಿಂದ ತೊಳೆದು ಆಮೇಲೆ ಅದ್ದಬೇಕು. ನೀರು ಕೊಳೆಯಾದ ಕೂಡಲೇ ಬದಲಿಸಿ.