ಆರೋನನ ಕೆಲಸ

ನಲವತ್ತು ದಾಟುವವರೆಗೂ ದೇವರು ನನ್ನನ್ನು ಯಾವುದಕ್ಕೂ ಕರೆದಿಲ್ಲ ಅಂತಲೇ ತಿಳಿದಿದ್ದೆ. ನಮ್ಮದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಭೆಯ ಮನೆತನ. 1865ರಲ್ಲೇ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮಿಷನ್ ಅದು; ಮಣ್ಣು ಕಲಸುವ ಕೈಗೂ ದೇವರಿಗೂ ನಂಟುಂಟು ಎಂದು ಬಲ್ಲವರು. ಆದರೂ ಬೆಟಗೇರಿಯ ನಮ್ಮ ಮನೆಯಲ್ಲಿ ‘ಕರೆ’ ಬರುತ್ತಿದ್ದದ್ದು ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ ಮಾತ್ರ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಸಂಡೇ ಸ್ಕೂಲ್ ಮಾಡಿದೆ, ಗಾಯನ ತಂಡ ಸೇರಿದೆ. ಶ್ರುತಿ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ.

ಅತ್ತೆಯವರನ್ನು ಮುಂಬೈಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದೆ. ಸಾಲಿನಲ್ಲಿ ನಿಂತು ಇಬ್ಬರೂ ಮಾತಾಡುತ್ತಿದ್ದಾಗ ಹಿಂದಿನಿಂದ ಒಬ್ಬ ಅಜ್ಜ, “ಯವ್ವಾ, ನಿನಗ ಕನ್ನಡ ಬರತೈತೇನು? ಈ ಚೀಟ್ಯಾಗ ಏನ್ ಬರದಾರ ನೋಡು” ಅಂದರು. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತಿತ್ತು. ಅವರು ಅವತ್ತೂ ರೊಟ್ಟಿ ತಿಂದೇ ಬಂದಿದ್ದರು.

ಇದನ್ನು ನಮ್ಮ ನಿವೃತ್ತ ಪಾಲಕರಿಗೆ ಹೇಳಿದೆ. ಅವರು ಬೈಬಲಿನ ವಿಮೋಚನಕಾಂಡದ 4ನೇ ಅಧ್ಯಾಯ ತೆಗೆದರು. ನನ್ನ ನಾಲಿಗೆ ಮಂದ ಅಂತ ಜನರ ಮುಂದಾಳಾಗಬೇಕಿದ್ದ ಮೋಶೆ ಹಿಂಜರಿದಾಗ ದೇವರು ಅಣ್ಣ ಆರೋನನನ್ನು ಅವನಿಗೆ ಬಾಯಿಯಾಗಿ ಕೊಟ್ಟದ್ದು ಅಲ್ಲಿದೆ. “ಎಲ್ಲರಿಗೂ ಮೋಶೆ ಆಗಬೇಕಮ್ಮ. ಆರೋನನ ಕೆಲಸ ಯಾರಿಗೆ ಬೇಕು?” ಅಂದರು.

ತಟ್ಟನೆ ನಂಬಲಿಲ್ಲ. ಒಂದು ವರ್ಷ, ಹದಿನೈದು ದಿನಕ್ಕೊಂದು ಶನಿವಾರ, ಸಭೆಯಲ್ಲಿ ಯಾರಿಗೂ ಹೇಳದೆ ಅದೇ ಆಸ್ಪತ್ರೆಗೆ, ಕನ್ನಡದ ರೋಗಿಗಳಿಗೆ ಮಾತು ದಾಟಿಸಲು ಹೋಗಿ ನೋಡಿದೆ. ಹೊಗಳುವವರಿಲ್ಲದಿದ್ದರೂ ಹೋಗಬೇಕು ಅನಿಸುತ್ತದೆಯೇ ಎಂಬುದೇ ನನ್ನ ಪರೀಕ್ಷೆ. ಬೆಂಚಿನ ಮೇಲೆ ನಾಲ್ಕು ತಾಸು ಕೂತು ಬರೀ ಬೇಸರವಾದ ದಿನಗಳೇ ಹೆಚ್ಚು. ಆದರೂ ಶುಕ್ರವಾರ ರಾತ್ರಿಯೇ ಚೀಲ ತುಂಬಿಡುತ್ತಿದ್ದೆ. ಅದನ್ನು ಮೊದಲು ಗಮನಿಸಿದ್ದು ನನ್ನ ಗಂಡ. ಕಚೇರಿ ಕೆಲಸ ಬಿಡಲಿಲ್ಲ. ಗುಡಾರ ಹೊಲಿದು ದುಡಿಯುತ್ತಲೇ ಸುವಾರ್ತೆ ಸಾರಿದವನು ಅಪೊಸ್ತಲ ಪೌಲ.

ಕನ್ನಡ, ಹಿಂದಿ, ಮರಾಠಿ ಮೂರೂ ಬಂದರೆ ಸಾಕು ಅಂದುಕೊಂಡಿದ್ದೆ. ಸಾಲದು. “ತಂಬಾಕು?” ಅಂತ ಡಾಕ್ಟರು ಕೇಳಿದರೆ ನಮ್ಮ ಕಡೆಯ ಅಜ್ಜಿಯರು “ಇಲ್ರಿ” ಅಂತಾರೆ. ಹಲ್ಲಿಗೆ ತಪಕೀರು, ಅಂದರೆ ನಶ್ಯ ತಿಕ್ಕುವುದು ಅವರ ಲೆಕ್ಕದಲ್ಲಿ ತಂಬಾಕಲ್ಲ. ಈಗ ನಾನು ತಪಕೀರು, ಗುಟಕಾ, ಎಲಿಅಡಿಕಿ ಒಂದೊಂದಾಗಿ ಹೆಸರು ಹಿಡಿದು ಕೇಳುತ್ತೇನೆ. ಬಯಾಪ್ಸಿ ಅಂದರೆ “ಗಂಟಿನಾಗಿಂದು ಒಂದೀಟು ತುಣುಕು ತಗದು ನೋಡೋದು”. ಇಂಥವಕ್ಕೆಲ್ಲ ಒಂದು ನೋಟ್‌ಬುಕ್ ಇದೆ.

ಒಂದು ತಪ್ಪು ಮಾತ್ರ ಆ ನೋಟ್‌ಬುಕ್‌ನಲ್ಲಿ ಬರೆದಿಲ್ಲ. ಒಬ್ಬರಿಗೆ ರೋಗ ವಾಸಿಯಾಗುವ ಹಂತ ದಾಟಿತ್ತು. ನೋವು ಕಡಿಮೆ ಮಾಡಬಹುದು, ಅಷ್ಟೇ ಅಂದರು ಡಾಕ್ಟರು. ಮಗನ ಮುಖ ನೋಡಿ ನಾನು “ಕಡಿಮಿ ಆಗತೈತಂತ” ಅಂದುಬಿಟ್ಟೆ. ನಮ್ಮಲ್ಲಿ ಜಡ್ಡು ಕಡಿಮಿ ಆಗತೈತಿ ಅಂದರೆ ವಾಸಿ ಆಗುತ್ತದೆ ಅಂತಲೇ ಅರ್ಥ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಹುಡುಗ ಊರಿಗೆ ಹೋಗಿ ಎತ್ತಿನ ಜೋಡಿ ಮಾರಿ ದುಡ್ಡು ತಂದ. ಎರಡು ತಿಂಗಳಿಗೆ ಅಪ್ಪ ತೀರಿಕೊಂಡರು.

ಆಮೇಲೆ ವಿಮೋಚನಕಾಂಡದ 32ನೇ ಅಧ್ಯಾಯ ಓದಿದೆ. ಜನ ಕೇಳಿದರು ಅಂತ ಪೂಜೆಗೆ ಚಿನ್ನದ ಕರು ಮಾಡಿಕೊಟ್ಟವನೂ ಇದೇ ಆರೋನ. ಪಾಲಕರು ಅಷ್ಟು ದೂರ ಓದಿಸಿರಲಿಲ್ಲ.

ಮೂರು ತಿಂಗಳು ಹೋಗಲಿಲ್ಲ. ಮತ್ತೆ ಶುರು ಮಾಡಿದಾಗ ಮಾತು ಮುಗಿದ ಮೇಲೆ, “ನಿಮಗ ಏನ್ ತಿಳೀತು, ಹೇಳ್ರಿ” ಅಂತ ತಿರುಗಿ ಕೇಳುವ ರೂಢಿ ಮಾಡಿಕೊಂಡೆ. ಕೇಳದ ಹೊರತು ಯಾರ ಹತ್ತಿರವೂ ಪ್ರಾರ್ಥನೆಯ ಮಾತೆತ್ತುವುದಿಲ್ಲ. ಇದಕ್ಕೆ ಸಭೆಯಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟಿದೆ, ಇರಲಿ.

ಹೋದ ತಿಂಗಳು ಆ ಮಗನೇ ಫೋನ್ ಮಾಡಿದ್ದ. ಅವರೂರಿನ ಇನ್ನೊಬ್ಬರನ್ನು ಕಳಿಸುತ್ತಾನಂತೆ. “ಅಕ್ಕಾರ, ಡಾಕ್ಟರು ಹೆಂಗ ಹೇಳ್ತಾರ, ಹಂಗ ಹೇಳಿಬಿಡ್ರಿ” ಅಂದ. “ಹೂಂ” ಅಂದೆ.