ಹೊಸ ಮೌತ್‌ಪೀಸ್ ಕೊಳ್ಳುವ ಮುಂಚೆ ಮೆಲ್ಲಗೆ ಊದಿ ನೋಡಿ

ಸ್ಯಾಕ್ಸೊಫೋನ್ ಕಲಿಯಲು ಶುರು ಮಾಡಿ ಎರಡು ಮೂರು ವರ್ಷ ಆಯಿತೆಂದರೆ ಮೌತ್‌ಪೀಸ್, ಅಂದರೆ ಬಾಯಿಗಿಟ್ಟು ಊದುವ ತುದಿಯ ಭಾಗ, ಬದಲಿಸುವ ಆಸೆ ಬಂದೇ ಬರುತ್ತದೆ. ಒಳ್ಳೆಯ ಆಸೆಯೇ. ವಾದ್ಯದ ಜೊತೆ ಬಂದ ಅಗ್ಗದ ಮೌತ್‌ಪೀಸ್ ತೆಗೆದು ಸರಿಯಾದದ್ದನ್ನು ಹಾಕಿದರೆ ಅದೇ ವಾದ್ಯದ ದನಿ ಬೇರೆಯೇ ಆಗಿಬಿಡುತ್ತದೆ. ಆದರೆ ಆರಿಸುವಾಗ ನಾವೆಲ್ಲ ಜೋರಾಗಿ ಊದಿ ನೋಡುತ್ತೇವೆ, ತಪ್ಪಾಗುವುದು ಅಲ್ಲೇ.

ನಾನು ಮೊದಲ ಸಲ ಕೊಂಡದ್ದು ಲೋಹದ ಮೌತ್‌ಪೀಸ್. ಅಂಗಡಿಯ ಸಣ್ಣ ಕೋಣೆಯಲ್ಲಿ ಐದು ನಿಮಿಷ ಊದಿದೆ, ದನಿ ಗೋಡೆಗೆ ಬಡಿದು ವಾಪಸ್ ಬಂತು, ಖುಷಿಯಾಗಿ ದುಡ್ಡು ಕೊಟ್ಟುಬಿಟ್ಟೆ. ಅದೇ ವಾರ ಒಂದು ಮದುವೆ ಮನೆಯಲ್ಲಿ ಮಂದ್ರದ ಸ್ವರ ಒಂದೂ ಮೆಲ್ಲಗೆ ಹುಟ್ಟಲಿಲ್ಲ, ಗಮಕ ಹಿಡಿಯಲು ಹೋದರೆ ಸ್ವರ ಒಡೆಯುತ್ತಿತ್ತು. ತುಂಬಾ ಬೇಜಾರಾಯಿತು. ಅದಕ್ಕೇ ಇಷ್ಟು ಹೇಳಬೇಕು ಅನಿಸಿದ್ದು.

ಇಲ್ಲಿ ಹೇಳುವುದೆಲ್ಲ ಮಧ್ಯಮ ಗಾತ್ರದ ಆಲ್ಟೋ ಸ್ಯಾಕ್ಸೊಫೋನ್ ಬಗ್ಗೆ, ಅದರಲ್ಲೂ ಕರ್ನಾಟಕ ಸಂಗೀತ ನುಡಿಸುವವರಿಗೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ನುಡಿಸಿ ತೋರಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೂ ಅದನ್ನು ಒಯ್ದರು. ಈಗ ನಮ್ಮ ಕರಾವಳಿಯಲ್ಲಿ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೊಫೋನ್ ಬೇಕು. ಜಾಜ್ ನುಡಿಸುವವರಿಗೆ ಕೊಡುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ನಮಗೆ ಸ್ವರದಿಂದ ಸ್ವರಕ್ಕೆ ಜಾರಬೇಕು, ಆ ಜಾರುವಿಕೆಯಲ್ಲಿ ಬೆರಳಿನಷ್ಟೇ ಪಾಲು ತುಟಿಗೂ ದವಡೆಗೂ ಇದೆ.

ಮೊದಲು ಇಷ್ಟು ತಿಳಿದಿರಲಿ

ರೀಡ್ ಅಂದರೆ ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ತೆಳ್ಳಗಿನ ಪಟ್ಟಿ. ರೀಡ್ ತುದಿಗೂ ಮೌತ್‌ಪೀಸ್ ತುದಿಗೂ ನಡುವೆ ಇರುವ ಸಂದೇ ಟಿಪ್ ಓಪನಿಂಗ್. ಯಮಹಾ 4ಸಿಯಲ್ಲಿ ಅದು 1.60 ಮಿ.ಮೀ., ಸೆಲ್ಮರ್ ಎಸ್80 ಸಿ ಸ್ಟಾರ್‌ನಲ್ಲಿ 1.70, ಮೇಯರ್ 5ರಲ್ಲಿ ಸುಮಾರು 1.80. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ, ಆದರೆ ಬಾಯಿಗೆ ತಕ್ಷಣ ಗೊತ್ತಾಗುತ್ತದೆ. ಮೇಲೆ ಕೆತ್ತಿದ ನಂಬರ್ ನೋಡಿ ಹೋಲಿಸಬೇಡಿ, ಒಂದು ಕಂಪನಿಯ 5 ಇನ್ನೊಂದರ 5 ಅಲ್ಲ. ಮಿಲಿಮೀಟರ್ ಕೇಳಿ. ಸಂದು ದೊಡ್ಡದಾದಷ್ಟೂ ಮೆತ್ತಗಿನ ರೀಡ್ ಬೇಕಾಗುತ್ತದೆ, ಸ್ವರ ಬಗ್ಗಿಸುವುದು ಸುಲಭ, ಹಿಡಿದು ನಿಲ್ಲಿಸುವುದು ಕಷ್ಟ.

ರೀಡಿನ ಎದುರಿಗೆ ಒಳಗಡೆ ಇರುವ ಇಳಿಜಾರಿಗೆ ಬ್ಯಾಫಲ್ ಅನ್ನುತ್ತಾರೆ. ಅದು ಎತ್ತರವಾಗಿದ್ದರೆ ದನಿ ಚೂಪು, ತಗ್ಗಿದ್ದರೆ ಮೃದು. ಅದರ ಹಿಂದಿನ ಪೊಳ್ಳು ಜಾಗವೇ ಚೇಂಬರ್. ಲೋಹವೋ ಎಬೊನೈಟೋ (ಗಟ್ಟಿ ರಬ್ಬರ್) ಎನ್ನುವುದಕ್ಕಿಂತ ಈ ಒಳಗಿನ ಆಕಾರವೇ ದನಿಯನ್ನು ಹೆಚ್ಚು ತೀರ್ಮಾನಿಸುತ್ತದೆ. ಲೋಹದ್ದು ಸಾಮಾನ್ಯವಾಗಿ ತೆಳ್ಳಗಿರುವುದರಿಂದ ಬಾಯಿ ತೆರೆಯುವ ಅಳತೆ ಬದಲಾಗುತ್ತದೆ, ಅದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು.

ಊದಿ ನೋಡುವುದು

ನಿಮ್ಮದೇ ವಾದ್ಯ, ನಿಮ್ಮ ಹಳೆಯ ಮೌತ್‌ಪೀಸ್, ಪಳಗಿದ ಎರಡು ರೀಡ್, ಅದಕ್ಕಿಂತ ಅರ್ಧ ನಂಬರ್ ಮೆತ್ತಗಿನ ಇನ್ನೆರಡು ರೀಡ್ ಒಯ್ಯಿರಿ. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಮೌತ್‌ಪೀಸ್ ಬೇಡ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ತುಟಿಯೂ ಕಿವಿಯೂ ಸೋತಿರುತ್ತವೆ. ಮೊದಲ ಹತ್ತು ನಿಮಿಷ ಹಳೆಯದರಲ್ಲೇ ಊದಿ, ಆಮೇಲೆ ಅದೇ ರೀಡ್ ಬಿಚ್ಚಿ ಹೊಸದಕ್ಕೆ ಹಾಕಿ. ಮೌತ್‌ಪೀಸ್ ಜೊತೆಗೆ ರೀಡ್, ಅದನ್ನು ಬಿಗಿದು ಹಿಡಿಯುವ ಲಿಗೇಚರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ, ಅಲ್ವಾ? ಸಂದು ದೊಡ್ಡದಿದ್ದು ಊದುವುದು ಭಾರ ಅನಿಸಿದರೆ ಮಾತ್ರ ಮೆತ್ತಗಿನ ರೀಡಿಗೆ ಹೋಗಿ.

ನೆಕ್‌ಗೆ, ಅಂದರೆ ವಾದ್ಯದ ಮೇಲ್ತುದಿಯ ಬಾಗಿದ ಕೊಳವೆಗೆ, ಹಾಕುವ ಮುಂಚೆ ಒಂದು ಪರೀಕ್ಷೆ. ರೀಡ್ ಒದ್ದೆ ಮಾಡಿ ಕಟ್ಟಿ, ಮೌತ್‌ಪೀಸಿನ ಹಿಂದಿನ ತೂತನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನು ಬಾಯಿಂದ ಎಳೆದು ಬಿಡಿ. ರೀಡ್ ಒಂದೆರಡು ಸೆಕೆಂಡ್ ಅಂಟಿಕೊಂಡಿದ್ದು ಟಪ್ ಅಂತ ಬಿಟ್ಟರೆ ಸರಿ. ತಕ್ಷಣ ಬಿಟ್ಟರೆ ಎಲ್ಲೋ ಗಾಳಿ ಸೋರುತ್ತಿದೆ. ಇನ್ನೊಂದು ರೀಡ್ ಹಾಕಿ ನೋಡಿ, ಎಲ್ಲ ರೀಡಿನಲ್ಲೂ ಹಾಗೇ ಆದರೆ ರೀಡ್ ಕೂರುವ ಜಾಗವೇ ಸಮ ಇಲ್ಲದಿರಬಹುದು. ಅದು ಬೇಡ, ಕೆಳಗಿಡಿ.

ಈಗ ಶ್ರುತಿ. ಚೇಂಬರ್ ಬದಲಾದರೆ ನೆಕ್ ತುದಿಗೆ ಸುತ್ತಿದ ಕಾರ್ಕಿನ ಮೇಲೆ ಮೌತ್‌ಪೀಸ್ ನಿಲ್ಲುವ ಜಾಗವೂ ಬದಲಾಗುತ್ತದೆ. ಹಳೆಯ ಗುರುತಿಗೇ ತಳ್ಳಿ, ಶ್ರುತಿ ಸೇರುತ್ತಿಲ್ಲ ಅಂತ ಒಳ್ಳೆಯ ಮೌತ್‌ಪೀಸನ್ನು ವಾಪಸ್ ಕೊಟ್ಟವರನ್ನು ನೋಡಿದ್ದೇನೆ. ತಂಬೂರಿ ಆ್ಯಪ್ ಹಾಕಿಕೊಂಡು ಷಡ್ಜ ಸೇರುವ ತನಕ ಒಳಗೆ ಹೊರಗೆ ಸರಿಸಿ, ಸೇರಿದ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಪಂಚಮ, ತಾರ ಷಡ್ಜ. ಮಧ್ಯದಲ್ಲಿ ಸರಿ ಇದ್ದು ಮೇಲೆ ಹೋದಂತೆ ಏರಿಬಿಡುತ್ತಿದೆ, ತುಟಿ ಸಡಿಲ ಮಾಡಿದರೂ ಇಳಿಯುತ್ತಿಲ್ಲ ಅಂದರೆ ಆ ಮೌತ್‌ಪೀಸ್ ನಿಮ್ಮ ವಾದ್ಯಕ್ಕೆ ಹೊಂದುತ್ತಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ವಾದ್ಯದ ಅತಿ ಕೆಳಗಿನ ಸ್ವರವನ್ನು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅನ್ನುವಷ್ಟು ಮೆಲ್ಲಗೆ ಶುರು ಮಾಡಿ. ನಾಲಿಗೆಯಿಂದ ಹೊಡೆಯದೆ ಬರಿ ಉಸಿರಿನಿಂದ. ಅದು ತಡವರಿಸದೆ ಹುಟ್ಟಬೇಕು. ಹಾಗೇ ಜೋರು ಮಾಡುತ್ತಾ ಹೋಗಿ, ಮತ್ತೆ ಇಳಿಸಿ. ಆಮೇಲೆ ಮಾಯಾಮಾಳವಗೌಳದ ಸರಳೆ ವರಸೆಯನ್ನು ವಿಳಂಬದಲ್ಲಿ ಒಮ್ಮೆ ನುಡಿಸಿ, ಸ್ವರಗಳ ತೂಕ ಒಂದೇ ಇದೆಯಾ, ಯಾವುದಾದರೂ ಒಂದು ಮುಂದೆ ಹಾರುತ್ತಿದೆಯಾ ಕೇಳಿಸಿಕೊಳ್ಳಿ. ಕೊನೆಗೆ ತೋಡಿ ರಾಗದ ಗಾಂಧಾರ. ಅದರ ಕಂಪನದಲ್ಲಿ ಸ್ವರ ಒಡೆಯದೆ, ಮೆಟ್ಟಿಲು ಮೆಟ್ಟಿಲಾಗಿ ಕೇಳಿಸದೆ, ತೊಟ್ಟಿಲಿನ ಹಾಗೆ ತೂಗಬೇಕು. ನನ್ನ ಲೋಹದ ಮೌತ್‌ಪೀಸ್ ಸೋತದ್ದು ಈ ಗಾಂಧಾರದಲ್ಲೇ. ಅಂಗಡಿಯಲ್ಲೇ ಒಮ್ಮೆ ನುಡಿಸಿದ್ದರೆ ಗೊತ್ತಾಗುತ್ತಿತ್ತು.

ಊದುವವರ ಕಿವಿಯನ್ನು ಮಾತ್ರ ನಂಬಬೇಡಿ. ಮೇಲಿನ ಹಲ್ಲು ಮೌತ್‌ಪೀಸಿಗೆ ತಾಗಿರುವುದರಿಂದ ದನಿ ತಲೆಬುರುಡೆಯ ಒಳಗಿಂದಲೇ ಕಿವಿಗೆ ಬರುತ್ತದೆ, ಅದು ಎದುರಿನವರು ಕೇಳುವ ದನಿ ಅಲ್ಲ. ಮೊಬೈಲನ್ನು ಮೂರು ನಾಲ್ಕು ಮೀಟರ್ ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಇನ್ನೂ ಒಳ್ಳೆಯದೆಂದರೆ ಜೊತೆಯವರೊಬ್ಬರನ್ನು ಬೆನ್ನು ತಿರುಗಿಸಿ ಕೂರಿಸುವುದು. ನನಗೆ ತವಿಲ್ ನುಡಿಸುವ ಅಣ್ಣ ಹೀಗೆ ಕೂತು ಕೇಳಿ, “ಎರಡನೆಯದೇ ಇರಲಿ ಮಾರಾಯ, ಅದರಲ್ಲಿ ನೀನು ಹಾಡಿದ ಹಾಗೆ ಕೇಳುತ್ತದೆ” ಅಂದರು. ಅದು ಮೂರರಲ್ಲಿ ಅತಿ ಅಗ್ಗದ್ದು. ಈಗಲೂ ಅದನ್ನೇ ಊದುತ್ತೇನೆ.

ಮನೆಗೆ ತಂದ ಮೇಲೆ

ಆನ್‌ಲೈನ್‌ನಲ್ಲಿ ತರಿಸುವುದಾದರೆ ಬಾಯಿಗೆ ಹಾಕಿದ ಮೇಲೂ ವಾಪಸ್ ತಗೊಳ್ಳುತ್ತಾರಾ, ಎಷ್ಟು ದಿನದೊಳಗೆ, ಇದನ್ನು ಮೊದಲೇ ಕೇಳಿಕೊಳ್ಳಿ. ಬಂದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬಿಸಿ ನೀರು ಬೇಡವೇ ಬೇಡ, ಎಬೊನೈಟ್ ಬಣ್ಣಗೆಟ್ಟು ಹಸಿರಾಗುತ್ತದೆ, ಗಂಧಕದ ವಾಸನೆಯೂ ಏಳುತ್ತದೆ. ಬಿಸಿಲಿಗೂ ಇಡಬೇಡಿ.

ಒಂದು ವಾರ ಹೊಸದನ್ನು ಮಾತ್ರ ಊದಿ. ಒಂದು ದಿನವಾದರೂ ಬಯಲಲ್ಲಿ ನಿಂತು ಊದಿ, ಯಾಕೆಂದರೆ ರಥಬೀದಿಯಲ್ಲಿ ನಿಮ್ಮ ದನಿಯನ್ನು ವಾಪಸ್ ಕಳಿಸಲು ಗೋಡೆ ಇರುವುದಿಲ್ಲ. ಎಂಟನೇ ದಿನ ಹಳೆಯದನ್ನು ಹಾಕಿ ಅದೇ ತೋಡಿ ನುಡಿಸಿ. ಹಳೆಯದರಲ್ಲೇ ಹಾಯಾಗಿದೆ ಅನಿಸಿದರೆ, ವಾಪಸ್ ಕೊಡಲು ದಿನ ಉಳಿದಿರುವಾಗಲೇ ಹೊಸದನ್ನು ಪ್ಯಾಕ್ ಮಾಡಿ ಕಳಿಸಿಬಿಡಿ.